ಎಸ್ಟೋನಿಯ ದೇಶದ ಬೊಕ್ಕಸ

ಯೂರೋಪು ಖಂಡದ ಈಶಾನ್ಯ ಭಾಗದಲ್ಲಿ, ಬಾಲ್ಟಿಕ್ ಸಮುದ್ರದ ಅಂಚಿನಲ್ಲಿ, ಎಸ್ಟೋನಿಯ ಎಂಬ ಸಣ್ಣ ದೇಶವೊಂದಿದೆ. ಅದರ ವಿಸ್ತಾರ ಸುಮಾರು 45,000 ಚದರ ಕಿಲೋಮೀಟರು. ಜನಸಂಖ್ಯೆ ಹದಿನಾಲ್ಕು ಲಕ್ಷಕ್ಕೂ ಕಡಿಮೆ. ಪೂರ್ವಕ್ಕೆ ರಷ್ಯ, ದಕ್ಷಿಣಕ್ಕೆ ಲಾಟ್ವಿಯ, ಉತ್ತರಕ್ಕೆ ಒಂದು ಕೊಲ್ಲಿಯನ್ನು ದಾಟಿದರೆ ಫಿನ್ಲೆಂಡ್. ನೆಲದ ಅರ್ಧದಷ್ಟು ಕಾಡು. ಉಳಿದುದು ಜೌಗು, ಹುಲ್ಲುಗಾವಲು, ಹೊಲ. ಯಾತ್ರಿಕರು ಇಲ್ಲಿಗೆ ಬರುವುದು ಹಳೆಯ ಕೋಟೆಗಳನ್ನೂ ಗೋಪುರಗಳನ್ನೂ ನೋಡುವುದಕ್ಕೆ. ನಾವೂ ಅವನ್ನು ನೋಡಿದೆವು. ಆದರೆ ನಮ್ಮ ಕುತೂಹಲವು ಮುಖ್ಯವಾಗಿ ಬೇರೊಂದು ವಿಷಯದಲ್ಲಿತ್ತು. ಸುಮಾರು ಐವತ್ತು ವರ್ಷ ಕಮ್ಯೂನಿಸ್ಟ್ ಆಡಳಿತದಲ್ಲಿದ್ದ ಈ ದೇಶವು 1991ರಲ್ಲಿ ಮತ್ತೆ ಸ್ವತಂತ್ರವಾದಾಗ ಬಹುಮಟ್ಟಿಗೆ ಬರಿಗೈಯಲ್ಲಿತ್ತು. ಅಂಥದು ಹೆಚ್ಚಿನ ಸಾಲಕ್ಕೆ ಕೈಯೊಡ್ಡದೆ ಸಂಸಾರ ಹೂಡಿದ್ದು ಹೇಗೆ, ಆ ಸಂಸಾರದ ಕಷ್ಟವನ್ನು ಮನೆಯವರಲ್ಲಿ ಯಾರು ಯಾರು ಹೊತ್ತರು, ಎಂಬುದನ್ನು ಕಣ್ಣಾರೆ ಕಂಡು ತಿಳಿಯಬೇಕೆಂದು ಹೊರಟೆವು.

ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಿಂದ ಎಸ್ಟೋನಿಯದ ರಾಜಧಾನಿಯಾದ ಟಾಲಿನ್ ನಗರಕ್ಕೆ ಹಡಗಿನಲ್ಲಿ ಎರಡು ಗಂಟೆಗಳ ಪ್ರಯಾಣ. ದೂರ ಸುಮಾರು 80 ಕಿಲೋಮೀಟರು. ಹಡಗು ರೇವನ್ನು ಸಮೀಪಿಸುವಾಗ ಮೊದಲು ಚರ್ಚುಗಳ ಚೂಪಾದ ಶಿಖರಗಳು ಕಾಣುತ್ತವೆ. ಅವುಗಳ ಹಿಂದೆ ಟೂಂಪಿಯ ಎಂಬ ಗುಡ್ಡ. ಪಕ್ಕದಲ್ಲಿ ಗಾಜಿನ ಹೊದಿಕೆಯ ಹೊಸ ಬ್ಯಾಂಕು ಕಟ್ಟಡಗಳು. ಟೂಂಪಿಯದ ಮೇಲೆ ತಿಳಿಗೆಂಪು ಬಣ್ಣದ ಅರಮನೆಯೊಂದಿದೆ. ರೀಗಿಕೊಗು ಎಂಬ ಅಲ್ಲಿಯ ಶಾಸನಸಭೆ ಕೂಡುವುದು ಅದರಲ್ಲಿಯೇ. ಮಗ್ಗುಲಲ್ಲಿ ನಿಂತಿರುವ ಎತ್ತರದ ಗೋಪುರದ ತುದಿಯಲ್ಲಿ ನೀಲಿ, ಕಪ್ಪು, ಬಿಳಿಯ ಬಾವುಟ ಹಾರುತ್ತಿತ್ತು. ಅದೇ ಬೀದಿಯ ಎದುರಿಗೆ ರಷ್ಯದ ಚಕ್ರವರ್ತಿಗಳ ಕಾಲದಲ್ಲಿ ಕಟ್ಟಿದ ದೊಡ್ಡ ದೇವಾಲಯವಿದೆ. ಈ ಎರಡು ಕಟ್ಟಡಗಳ ನಡುವೆ ನಿಂತರೆ ಆ ದೇಶದ ಚರಿತ್ರೆಯು ಅರ್ಧ ತಿಳಿದಂತೆಯೇ. 1918ರಲ್ಲಿ ಸ್ವಾತಂತ್ರ್ಯವನ್ನು ಸಾರಿ, 1940ರಲ್ಲಿ ಅದನ್ನು ಸೋವಿಯೆಟ್ ಒಕ್ಕೂಟಕ್ಕೆ ಕಳೆದುಕೊಂಡು, ನಡುವೆ ಮೂರು ವರ್ಷ ಜರ್ಮನರ ಕೈಗೂ ಸಿಕ್ಕಿ, ಕೊನೆಗೆ 1991ರ ಆಗಸ್ಟ್ 20ರಂದು ಮರಳಿ ಪಡೆದ ಜನ ಅವರು.

ಸ್ವಾತಂತ್ರ್ಯವೇನೋ ಬಂದಿತು, ಆದರೆ ಜೇಬಿನಲ್ಲಿದ್ದುದು ಮಾಸ್ಕೋ ನಗರದಲ್ಲಿ ಅಚ್ಚಾದ ರೂಬಲ್. ಆ ರೂಬಲಿನ ಬೆಲೆ ದಿನದಿನಕ್ಕೆ ಕರಗುತ್ತಿತ್ತು. 1992ನೆಯ ವರ್ಷ ಅಲ್ಲಿ ಬೆಲೆಗಳು ಸುಮಾರು ಹತ್ತುಪಟ್ಟು ಏರಿದುವು. ಜೀವಮಾನವೆಲ್ಲ ದುಡಿದು ಕೂಡಿಟ್ಟ ಹಣದಿಂದ ಒಂದು ಜೊತೆ ಚಳಿಗಾಲದ ಪಾದರಕ್ಷೆ ಬಂದರೆ ಪುಣ್ಯ ಎಂಬಂತಾಯಿತು. ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿ ಕೋಶವನ್ನೂ ಅವುಗಳಲ್ಲಿ ಎಣಿಸಿದ್ದಾನೆ. ಕೈಕೊಳ್ಳುವ ಕೆಲಸಗಳಿಗೆಲ್ಲ ಬೊಕ್ಕಸವೇ ಆಧಾರವೆಂಬುದು ಅವನ ಮತ. ತನ್ನ ನಾಣ್ಯವೇ ತನ್ನದಲ್ಲದ ರಾಜ್ಯಕ್ಕೆ ಬೊಕ್ಕಸವೆಲ್ಲಿಯದು? ಆದುದರಿಂದ ಎಸ್ಟೋನಿಯದವರು ಮೊಟ್ಟಮೊದಲು ಕೈಹಾಕಿದ್ದು ನಾಣ್ಯಕ್ಕೆ.

ಆ ಕಥೆಯನ್ನು ಅಲ್ಲಿಯ ರಾಷ್ಟ್ರದ ಬ್ಯಾಂಕಿಗೆ ಸೇರಿದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕ್ರೋನ್ ಎಂಬ ಹೆಸರಿನ ಹಳೆಯ ನೋಟುಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಅವುಗಳ ಮೇಲೆ ರಾಜರ ಚಿತ್ರಗಳಿಲ್ಲ, ಸೇನಾಪತಿಗಳ ಚಿತ್ರಗಳೂ ಇಲ್ಲ. ನೂರು ಕ್ರೋನಿನ ನೋಟಿನ ಮೇಲೆ ಲಿಡಿಯ ಕೊಯ್ದುಲ ಎಂಬ ಕವಯಿತ್ರಿ. ಇಪ್ಪತ್ತೈದರ ಮೇಲೆ ತಮ್ಸಾರೆ ಎಂಬ ಕಾದಂಬರಿಕಾರ. ಐದರ ಮೇಲೆ ಚದುರಂಗದಾಟದಲ್ಲಿ ಲೋಕಪ್ರಸಿದ್ಧನಾದ ಪಾಲ್ ಕೆರೆಸ್. ನಮ್ಮಂಥ ಪಾಠ ಹೇಳಿ ಬದುಕಿದವರಿಗೆ ಇದು ಸಂತೋಷದ ನೋಟವೇ ಸರಿ.

1992ರ ಜೂನ್ 20ರಂದು ಈ ನೋಟುಗಳು ಚಲಾವಣೆಗೆ ಬಂದುವು. ಎಂಟು ಕ್ರೋನಿಗೆ ಒಂದು ಜರ್ಮನ್ ಮಾರ್ಕು ಎಂದು ಬೆಲೆ ಕಟ್ಟಿದರು. ಹೀಗೆ ಬೆಲೆ ಕಟ್ಟುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಅದಕ್ಕಾಗಿ ಅವರು ತಮ್ಮ ಕೈಗಳನ್ನು ತಾವೇ ಕಟ್ಟಿಕೊಂಡರು. ಎಷ್ಟು ವಿದೇಶೀ ಹಣವೂ ಚಿನ್ನವೂ ಬ್ಯಾಂಕಿನಲ್ಲಿರುವುದೋ ಅಷ್ಟಕ್ಕೆ ತಕ್ಕ ನೋಟುಗಳನ್ನು ಮಾತ್ರ ಅಚ್ಚುಹಾಕತಕ್ಕದ್ದು. ಬ್ಯಾಂಕು ಸರಕಾರಕ್ಕೆ ಸಾಲ ಕೊಡಕೂಡದು. ಕ್ರೋನಿನ ಬೆಲೆಯನ್ನು ಇಳಿಸಲು ಬ್ಯಾಂಕಿಗೆ ಅಧಿಕಾರವಿಲ್ಲ, ಇಳಿಸುವುದಾದರೆ ಶಾಸನಸಭೆಯೇ ಕಾಯಿದೆಯನ್ನು ಮಾಡಬೇಕು. ಈ ಆಧಾರಕ್ಕೆ ಬೇಕಾದ ಚಿನ್ನ ಬಂದ ರೀತಿಯೂ ಸ್ವಾರಸ್ಯವಾಗಿದೆ. 1940ಕ್ಕೆ ಮುಂಚೆ ಹಳೆಯ ಎಸ್ಟೋನಿಯ ಸರಕಾರವು ತನ್ನ ಚಿನ್ನದ ಬಹುಭಾಗವನ್ನು ಇಂಗ್ಲೆಂಡ್ ಮೊದಲಾದ ಹೊರದೇಶಗಳ ಬ್ಯಾಂಕುಗಳಲ್ಲಿ ಇಟ್ಟಿತ್ತು. ಅರ್ಧ ಶತಮಾನದ ಮೇಲೆ, 1992ರಲ್ಲಿ, ಆ ಚಿನ್ನವು ಅಥವಾ ಅದಕ್ಕೆ ಸಮನಾದ ಬೆಲೆಯು ಹಿಂದಿರುಗಿತು. ಮೊತ್ತ ಸುಮಾರು 11 ಟನ್ನು. ಅಷ್ಟು ಸಾಲದೆಂದು ಸರಕಾರದ ಕಾಡಿನ ಒಂದು ಪಾಲನ್ನೂ ನಾಣ್ಯಕ್ಕೆ ಆಧಾರವಾಗಿ ಬರೆದುಕೊಟ್ಟರು. ಅಜ್ಜನು ನೆರೆಮನೆಯಲ್ಲಿ ಇಟ್ಟುಹೋಗಿದ್ದ ಒಡವೆಯನ್ನು ಮೊಮ್ಮಗನು ಬಿಡಿಸಿಕೊಂಡು ಬಂದು ಅಂಗಡಿ ತೆರೆದಂತೆ ಇದು.

ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿಗೆ ಎಪ್ಪತ್ತು ದಾಟಿತ್ತು. ಆ ದಿನಗಳ ನೆನಪನ್ನು ಆಕೆ ಹೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು. ಪ್ರತಿಯೊಬ್ಬರೂ 1,500 ರೂಬಲ್ ತಂದುಕೊಟ್ಟು, ಹತ್ತಕ್ಕೆ ಒಂದರಂತೆ 150 ಕ್ರೋನ್ ಪಡೆಯಬಹುದಾಗಿತ್ತು. ಹೆಚ್ಚಿಗೆ ನಗದು ಇಟ್ಟುಕೊಂಡವರಿಗೆ ಇಷ್ಟು ಒಳ್ಳೆಯ ಬೆಲೆ ಸಿಕ್ಕಲಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಕಾರ್ಖಾನೆಯ ಮುಖ್ಯಸ್ಥನೂ ಕಸಗುಡಿಸುವವಳೂ ಒಂದೇ ಮೊತ್ತವನ್ನು ಹಿಡಿದು ಮನೆಗೆ ಹೋದರಂತೆ. “ಅಂದು ಸಂಜೆ ನಾವೆಲ್ಲರೂ ಸಮನಾಗಿ ಬಡವರು, ಅಷ್ಟು ಸಮತೆಯನ್ನು ಕಮ್ಯೂನಿಸ್ಟರೂ ತಂದಿರಲಿಲ್ಲ” ಎಂದು ಆಕೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ತಮ್ಮ ತಾಯಿ ಅಂತ್ಯಕ್ರಿಯೆಗೆಂದು ಕೂಡಿಟ್ಟಿದ್ದ ಹಣವು ಅದಕ್ಕೆ ಮುಂಚೆಯೇ ಬೆಲೆಯಿಲ್ಲದಂತಾಗಿತ್ತೆಂದೂ, ಆ ಮುದುಕಿ ಕೊನೆಯವರೆಗೂ ಅದನ್ನು ನಂಬಲಿಲ್ಲವೆಂದೂ ಹೇಳಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಮಾರ್ಟ್ ಲಾರ್ ಎಂಬಾತನು ಪ್ರಧಾನಮಂತ್ರಿಯಾದನು. ವಯಸ್ಸು 32, ಚರಿತ್ರೆಯ ವಿದ್ವಾಂಸ, ಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿದವನು. ಅರ್ಥಶಾಸ್ತ್ರದಲ್ಲಿ ತಾನು ಆಗ ಓದಿದ್ದುದು ಅಮೆರಿಕದ ಮಿಲ್ಟನ್ ಫ್ರೀಡ್‌ಮನ್ನನ ಒಂದೇ ಪುಸ್ತಕವೆಂದು ಅವನೇ ಹೇಳಿಕೊಂಡಿದ್ದಾನೆ. ಒಂದೇ ಪುಸ್ತಕ ಓದಿದವನು ಅದನ್ನು ಆಚರಿಸಲು ಅಂಜುವುದಿಲ್ಲ. ಲಾರನ ಸರಕಾರವೂ ಅದರ ಹಿಂದುಮುಂದಿನ ಸರಕಾರಗಳೂ ಹೊರಗಿನ ಸರಕುಗಳ ಮೇಲಿನ ಸುಂಕವನ್ನು ಬಹುಮಟ್ಟಿಗೆ ತೆಗೆದುಹಾಕಿದುವು. ಕಾರ್ಖಾನೆಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿ, ಅವನ್ನು ಕರೆ ಕೂಗಿ ಖಾಸಗಿಯವರಿಗೆ ಮಾರಿದುವು. 1992ರ ಕೊನೆಯಲ್ಲಿ ಟಾರ್ಟು ನಗರದ ಒಂದು ದೊಡ್ಡ ವಾಣಿಜ್ಯ ಬ್ಯಾಂಕು ಕುಸಿದಾಗ ಸರಕಾರವು ಅದನ್ನು ಎತ್ತಿ ನಿಲ್ಲಿಸಲಿಲ್ಲ; ಮುಚ್ಚಿಸಿಬಿಟ್ಟಿತು. ಎಸ್ಟೋನಿಯದ ವ್ಯಾಪಾರ ಎಷ್ಟು ಮುಕ್ತವಾಗಿತ್ತೆಂದರೆ, 2004ರಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರುವಾಗ ಆ ದೇಶವು ಸುಂಕವನ್ನು ಇಳಿಸುವುದಕ್ಕೆ ಬದಲಾಗಿ ಏರಿಸಬೇಕಾಯಿತು. ಲಾರನೇನೋ 1994ರಲ್ಲಿಯೇ ಅಧಿಕಾರ ಕಳೆದುಕೊಂಡನು. ಜನರಿಂದ ಹಿಂದಕ್ಕೆ ಪಡೆದ ರೂಬಲ್ ನೋಟುಗಳನ್ನು ಗುಟ್ಟಾಗಿ ಮಾರಿದ ವಿಷಯ ಬಯಲಾಗಿ ಶಾಸನಸಭೆ ಅವನಲ್ಲಿ ಅವಿಶ್ವಾಸ ಸೂಚಿಸಿತು. ಆದರೆ ಅವನ ಮಾರ್ಗವನ್ನು ಮುಂದೆ ಬಂದವರಾರೂ ಬಿಡಲಿಲ್ಲ.

ಈ ಮಾರ್ಗದಲ್ಲಿ ಹೊರದೇಶಗಳವರು ಹೆಚ್ಚಾಗಿ ಮಾತನಾಡುವುದು ತೆರಿಗೆಯ ವಿಚಾರ. 1994ರ ಜನವರಿಯಿಂದ ಎಲ್ಲರ ವರಮಾನಕ್ಕೂ ಒಂದೇ ದರ, ನೂರಕ್ಕೆ 26, ಎಂದು ಗೊತ್ತುಮಾಡಿದರು. ಯೂರೋಪಿನಲ್ಲಿ ಇಂಥ ಏರ್ಪಾಡಿಗೆ ಇದೇ ಮೊದಲು. ಒಂದು ಗೊತ್ತಾದ ಮೊತ್ತಕ್ಕೆ ತೆರಿಗೆಯಿಲ್ಲ. ಅದರ ಮೇಲಿನದಕ್ಕೆ ಬಡವನೂ ಬಲ್ಲಿದನೂ ಒಂದೇ ಪ್ರಮಾಣದಲ್ಲಿ ಕೊಡಬೇಕು. 2000ದಿಂದೀಚೆಗೆ ಕಂಪೆನಿಗಳು ಲಾಭವನ್ನು ಹಂಚದೆ ತಮ್ಮ ಉದ್ಯಮದಲ್ಲಿಯೇ ಉಳಿಸಿಕೊಂಡರೆ ಅದಕ್ಕೆ ತೆರಿಗೆ ಇಲ್ಲವೆಂದಾಯಿತು. ಲೆಕ್ಕ ಒಪ್ಪಿಸುವುದೂ ಸುಲಭ. ಮನೆಯ ಯಜಮಾನಿಯ ಮೊಮ್ಮಗಳು ತನ್ನ ವರ್ಷದ ತೆರಿಗೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಒಪ್ಪಿಸುವುದಾಗಿ ಹೇಳಿದಳು. ತೆರಿಗೆಯು ಅರ್ಥವಾಗುವಂತಿದ್ದರೆ ಜನರು ಕೊಡುತ್ತಾರೆ. ಅರ್ಥವಾಗದಿದ್ದರೆ ವಕೀಲರನ್ನು ಹುಡುಕುತ್ತಾರೆ. ಇಷ್ಟರ ಮಟ್ಟಿಗೆ ಆ ಪದ್ಧತಿ ಮೆಚ್ಚತಕ್ಕದ್ದೇ. ಆದರೆ ಹತ್ತು ಚೀಲ ಬತ್ತವಿದ್ದವನಿಂದ ಎರಡು ಚೀಲ ತೆಗೆದುಕೊಳ್ಳುವುದಕ್ಕೂ ಸಾವಿರ ಚೀಲವಿದ್ದವನಿಂದ ಇನ್ನೂರು ತೆಗೆದುಕೊಳ್ಳುವುದಕ್ಕೂ ಭೇದವಿದೆಯೆಂಬುದನ್ನು ಯಾವ ಗೃಹಿಣಿಯೂ ಬಲ್ಲಳು.

ವೆಚ್ಚದ ವಿಷಯದಲ್ಲಿ ಅವರ ನಿಯಮ ಇನ್ನೂ ಕಟ್ಟುನಿಟ್ಟು. ಬಂದಷ್ಟರಲ್ಲಿ ಬಾಳಬೇಕು. 2002ರಿಂದ 2007ರವರೆಗೆ ಒಳ್ಳೆಯ ದಿನಗಳಿದ್ದುವು. ಹಾಸಿಗೆಗಿಂತ ಕಾಲನ್ನು ಚಿಕ್ಕದಾಗಿಯೇ ಇಟ್ಟುಕೊಂಡು, ಉಳಿದುದನ್ನು ಕಷ್ಟಕಾಲದ ನಿಧಿಗೆ ಸೇರಿಸಿದರು. 2007ರಲ್ಲಿ ಸರಕಾರದ ಒಟ್ಟು ಸಾಲ ದೇಶದ ವರ್ಷದ ಉತ್ಪತ್ತಿಯಲ್ಲಿ ನೂರಕ್ಕೆ 4ರ ಆಸುಪಾಸಿನಲ್ಲಿತ್ತು. ಹಾಗಿದ್ದರೂ ಕೇಡು ತಪ್ಪಲಿಲ್ಲ. ಸರಕಾರವು ಸಾಲ ಮಾಡದಿದ್ದರೂ ಜನರು ಮನೆಗಳಿಗಾಗಿ ಬ್ಯಾಂಕುಗಳಲ್ಲಿ ಧಾರಾಳವಾಗಿ ಸಾಲ ಮಾಡಿದ್ದರು. ಲೋಕದಲ್ಲೆಲ್ಲ ಹಣದ ಮುಗ್ಗಟ್ಟು ಬಂದಾಗ, 2009ನೆಯ ಒಂದೇ ವರ್ಷದಲ್ಲಿ ಎಸ್ಟೋನಿಯದ ಉತ್ಪತ್ತಿ ನೂರಕ್ಕೆ ಸುಮಾರು 14ರಷ್ಟು ಕುಸಿಯಿತು. ನಾಣ್ಯದ ಬೆಲೆಯನ್ನು ಇಳಿಸಿದ್ದರೆ ನೋವು ಸ್ವಲ್ಪ ಮರೆಯಾಗುತ್ತಿತ್ತು. ಅವರು ಒಪ್ಪಲಿಲ್ಲ. ಸರಕಾರಿ ನೌಕರರ ಸಂಬಳವನ್ನು ಕಡಿದರು, ಸರಕುಗಳ ಮೇಲಿನ ತೆರಿಗೆಯನ್ನು 18ರಿಂದ 20ಕ್ಕೆ ಏರಿಸಿದರು, ವೆಚ್ಚವನ್ನು ಕೊಯ್ದರು. 2010ರ ಮೊದಲ ತಿಂಗಳುಗಳಲ್ಲಿ ದುಡಿಯಬಲ್ಲ ಐವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. 2011ರ ಜನವರಿ 1ರಂದು ಕ್ರೋನ್ ಹೋಗಿ ಯೂರೋ ನಾಣ್ಯ ಬಂದಿತು. 1992ರಲ್ಲಿ ಕಟ್ಟಿದ ಬೆಲೆಯು ಆ ದಿನದವರೆಗೂ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಈ ಹಟವು ಸರಿಯೋ ತಪ್ಪೋ ಎಂಬುದರ ಮೇಲೆ 2012ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರೂಗ್‌ಮನ್ನನಿಗೂ ಎಸ್ಟೋನಿಯದ ಆಗಿನ ಅಧ್ಯಕ್ಷ ಇಲ್ವೆಸನಿಗೂ ಬಿರುಸಾದ ವಾದ ನಡೆಯಿತು. ಬಿದ್ದಷ್ಟು ಇನ್ನೂ ಎದ್ದಿಲ್ಲವಲ್ಲ ಎಂಬುದು ಮೊದಲನೆಯವನ ಆಕ್ಷೇಪ. ನಮ್ಮ ಪಾಡು ಹೊರಗಿನವನಿಗೇನು ಗೊತ್ತು ಎಂಬುದು ಎರಡನೆಯವನ ಸಿಟ್ಟು. ಆ ಜನರ ಸಂಗೀತಪ್ರೇಮ ಎಷ್ಟೆಂದರೆ, ಈ ಜಗಳವನ್ನೇ ಹಾಡುಗಟ್ಟಿ 2013ರಲ್ಲಿ ಟಾಲಿನ್ನಿನಲ್ಲಿ ಗೀತನಾಟಕವಾಗಿ ಹಾಡಿದರು! ಆಯವ್ಯಯದ ಪಟ್ಟಿ ರಾಗಕ್ಕೆ ಒಗ್ಗಿದ ಉದಾಹರಣೆಯನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

ಟಾಲಿನ್ನನ್ನು ಮಾತ್ರ ನೋಡಿ ಹಿಂದಿರುಗಿದವನು ಇಷ್ಟಕ್ಕೇ ತೃಪ್ತನಾಗಿ ಜಯಕಾರ ಮಾಡಬಹುದು. ನಾವು ರೈಲು ಹತ್ತಿ ಪೂರ್ವಕ್ಕೆ, ರಷ್ಯದ ಗಡಿಯಲ್ಲಿರುವ ನಾರ್ವ ಎಂಬ ಊರಿಗೆ ಹೊರಟೆವು. ಸುಮಾರು 200 ಕಿಲೋಮೀಟರುಗಳ ದಾರಿ. ಬರ್ಚ್ ಮತ್ತು ಪೈನ್ ಮರಗಳ ಕಾಡುಗಳ ನಡುವೆ ಅಲ್ಲಲ್ಲಿ ಮಾಡಿಲ್ಲದ ಉದ್ದನೆಯ ಇಟ್ಟಿಗೆ ಕೊಟ್ಟಿಗೆಗಳು ಕಂಡುವು. ಅವು ಹಿಂದಿನ ಸಾಮೂಹಿಕ ಬೇಸಾಯದ ಕಾಲದವು. ಸ್ವಾತಂತ್ರ್ಯದ ನಂತರ ಭೂಮಿಯನ್ನು 1940ರ ಒಡೆಯರಿಗೆ ಅಥವಾ ಅವರ ಮಕ್ಕಳಿಗೆ ಹಿಂದಕ್ಕೆ ಕೊಟ್ಟರು. ನ್ಯಾಯವೇ, ಆದರೆ ಆ ಮಕ್ಕಳಲ್ಲಿ ಅನೇಕರು ಪಟ್ಟಣ ಸೇರಿ ನೇಗಿಲನ್ನು ಮರೆತಿದ್ದರು, ಮತ್ತು ಆ ಕೊಟ್ಟಿಗೆಗಳಲ್ಲಿ ಹಾಲು ಕರೆದು ಬದುಕುತ್ತಿದ್ದವರಿಗೆ ಭೂಮಿಯಿರಲಿಲ್ಲ. ಪಟ್ಟಣದ ಮನೆಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಹಳೆಯ ಒಡೆಯನಿಗೆ ಮನೆ ಮರಳಿದಾಗ, ನಲವತ್ತು ವರ್ಷ ಅಲ್ಲಿ ಬಾಡಿಗೆಗಿದ್ದವನು ಮುದಿತನದಲ್ಲಿ ಬೇರೆ ಸೂರನ್ನು ಹುಡುಕಬೇಕಾಯಿತು. ಒಂದು ಹಳೆಯ ಅನ್ಯಾಯವನ್ನು ಅಳಿಸಹೋದಾಗ ಹೊಸದೊಂದು ಗೀಟು ಬಿದ್ದಿತು.

ಇನ್ನೂ ಮುಂದೆ ಹೋದಂತೆ ರೈಲಿನ ಪಕ್ಕದಲ್ಲಿ ಬೂದುಬಣ್ಣದ ಬೆಟ್ಟಗಳು ಎದ್ದುವು. ಅವು ನಿಜವಾದ ಬೆಟ್ಟಗಳಲ್ಲ. ಆ ಸೀಮೆಯಲ್ಲಿ ಎಣ್ಣೆಯಂಶವಿರುವ ಕಲ್ಲನ್ನು ಅಗೆದು, ಅದರಿಂದ ಎಣ್ಣೆಯನ್ನೂ ವಿದ್ಯುತ್ತನ್ನೂ ತೆಗೆಯುತ್ತಾರೆ. ಉಳಿದ ಬೂದಿ ಬೆಟ್ಟವಾಗಿ ಬೆಳೆದಿದೆ.

ನಾರ್ವ ಊರಿನ ಪಕ್ಕದಲ್ಲಿ ಅದೇ ಹೆಸರಿನ ಹೊಳೆ. ಈಚೆ ದಡದಲ್ಲಿ ಒಂದು ಕೋಟೆ, ಆಚೆ ದಡದಲ್ಲಿ ಇನ್ನೊಂದು. ಒಂದು ಎಸ್ಟೋನಿಯದ್ದು, ಇನ್ನೊಂದು ರಷ್ಯದ್ದು. ಈಚೆ ದಡದ ಊರಿನಲ್ಲಿಯೂ ನೂರಕ್ಕೆ ತೊಂಬತ್ತಕ್ಕೂ ಮೀರಿ ಜನರ ಮಾತು ರಷ್ಯನ್ ಭಾಷೆ. ಯುದ್ಧದಲ್ಲಿ ಹಾಳಾದ ಊರನ್ನು ಮತ್ತೆ ಕಟ್ಟಿದಾಗ ಸೋವಿಯೆಟ್ ಸರಕಾರವು ಅವರನ್ನು ಕಾರ್ಖಾನೆಗಳಿಗಾಗಿ ಕರೆತಂದಿತ್ತು. ಅಲ್ಲಿಯ ಕ್ರೇನ್‌ಹೋಲ್ಮ್ ಹತ್ತಿಗಿರಣಿಯನ್ನು 1857ರಲ್ಲಿ ಲುಡ್ವಿಗ್ ಕ್ನೂಪ್ ಎಂಬ ಜರ್ಮನ್ ವ್ಯಾಪಾರಿ ಸ್ಥಾಪಿಸಿದನು. ಹೊಳೆಯ ನಡುವಣ ದ್ವೀಪದಲ್ಲಿ ಕೆಂಪು ಇಟ್ಟಿಗೆಯ ಆ ಗಿರಣಿ ಒಂದು ರಾಜಧಾನಿಯಂತೆ ನಿಂತಿದೆ. ಅದರ ಏಳ್ಗೆಯ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಸೋವಿಯೆಟ್ ಒಕ್ಕೂಟ ಒಡೆದ ಮೇಲೆ ಅಗ್ಗದ ಹತ್ತಿಯೂ ಹೋಯಿತು, ಬಟ್ಟೆ ಕೊಳ್ಳುವವರೂ ಹೋದರು. ಸ್ವೀಡನ್ನಿನ ಕಂಪೆನಿಯೊಂದು ಅದನ್ನು ಕೊಂಡು ಹಲವು ವರ್ಷ ನಡೆಸಿತು. 2010ರಲ್ಲಿ ಗಿರಣಿ ದಿವಾಳಿಯಾಯಿತು. 1989ರಲ್ಲಿ ಎಂಬತ್ತು ಸಾವಿರ ದಾಟಿದ್ದ ಊರಿನ ಜನಸಂಖ್ಯೆ 2021ರ ಗಣತಿಯಲ್ಲಿ 54,000ದ ಆಸುಪಾಸಿಗೆ ಇಳಿದಿತ್ತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. 1992ರಲ್ಲಿ ಎಸ್ಟೋನಿಯವು 1940ಕ್ಕೆ ಮುಂಚಿನ ಪ್ರಜೆಗಳಿಗೂ ಅವರ ಸಂತತಿಗೂ ಮಾತ್ರ ಪೌರತ್ವವನ್ನು ತಾನಾಗಿ ಕೊಟ್ಟಿತು. ಆಮೇಲೆ ಬಂದವರು ಭಾಷೆಯ ಪರೀಕ್ಷೆ ಕೊಟ್ಟು ಪಡೆಯಬೇಕಾಗಿತ್ತು. ಆದುದರಿಂದ ಆ ವರ್ಷದ ಚುನಾವಣೆಯಲ್ಲಿ ನಾರ್ವದ ಬಹುಪಾಲು ಜನರಿಗೆ ಮತವಿರಲಿಲ್ಲ. ಸಹಾಯಧನವನ್ನು ನಿಲ್ಲಿಸಿ ಗಿರಣಿಗಳನ್ನು ಮಾರುವ ನೀತಿಯ ಪೆಟ್ಟು ಯಾರ ಮೇಲೆ ಎಲ್ಲಕ್ಕಿಂತ ಜೋರಾಗಿ ಬಿದ್ದಿತೋ, ಆ ನೀತಿ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಉಪವಾಸ ಮಾಡೋಣವೆಂದು ಎಲ್ಲರೂ ಕೂಡಿ ಗೊತ್ತುಮಾಡಿದರೆ ಅದು ವ್ರತ. ಒಬ್ಬರು ಗೊತ್ತುಮಾಡಿ ಇನ್ನೊಬ್ಬರು ಹಸಿದರೆ ಅದಕ್ಕೆ ಬೇರೆ ಹೆಸರು.

ಗಿರಣಿಯ ಬೀದಿಯ ಬೆಂಚಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬಳನ್ನು, ಇಂಗ್ಲಿಷ್ ಬಲ್ಲ ಒಬ್ಬ ಹುಡುಗನ ನೆರವಿನಿಂದ, ಮಾತನಾಡಿಸಿದೆವು. ಮೂವತ್ತು ವರ್ಷ ಅಲ್ಲಿ ನೂಲು ತೆಗೆದವಳು. ದೂರು ಹೇಳುವಳೆಂದು ನಾವು ತಿಳಿದಿದ್ದೆವು. ಆಕೆ ಹೇಳಿದ್ದು ಇಷ್ಟು: ವಿಶ್ರಾಂತಿವೇತನ ಚಿಕ್ಕದು, ಆದರೆ ಒಂದು ತಿಂಗಳೂ ತಪ್ಪಿಲ್ಲ, ಆಚೆ ದಡದಲ್ಲಿರುವ ತನ್ನ ತಂಗಿಗೆ ತೊಂಬತ್ತರ ದಶಕದಲ್ಲಿ ತಿಂಗಳುಗಟ್ಟಲೆ ಬಂದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಳಿಗಾಲದಲ್ಲಿ ಮಾತ್ರ ಮನೆ ಬೆಚ್ಚಗಿಡುವುದೋ ಔಷಧ ಕೊಳ್ಳುವುದೋ ಎಂದು ಯೋಚಿಸಬೇಕಾಗುತ್ತದೆಂದಳು. ಈ ಎರಡು ಮಾತುಗಳಲ್ಲಿ ಎಸ್ಟೋನಿಯದ ಅರ್ಥನೀತಿಯ ಗುಣವೂ ದೋಷವೂ ಅಡಗಿವೆಯೆಂದು ನಮಗೆ ತೋರಿತು. ಯೂರೋಪಿನ ಒಕ್ಕೂಟದಲ್ಲಿ ವೃದ್ಧರ ಬಡತನವು ಹೆಚ್ಚಾಗಿರುವ ದೇಶಗಳಲ್ಲಿ ಎಸ್ಟೋನಿಯವೂ ಒಂದು. ಅದರಲ್ಲಿಯೂ ಒಂಟಿ ಹೆಂಗಸರ ಪಾಡು ಕಠಿಣ.

ಈಗ ಆ ಬೊಕ್ಕಸಕ್ಕೆ ಹೊಸ ಪರೀಕ್ಷೆ ಬಂದಿದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಸರಕಾರವು ಬಹು ವರ್ಷಗಳ ಮೇಲೆ ಹೊರಗಿನ ಪೇಟೆಯಲ್ಲಿ ಸಾಲಪತ್ರಗಳನ್ನು ಮಾರಿತು. 2022ರಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಸೈನ್ಯದ ವೆಚ್ಚ ಏರುತ್ತಲೇ ಇದೆ. ಉತ್ಪತ್ತಿಯಲ್ಲಿ ನೂರಕ್ಕೆ ಐದನ್ನೂ ಮೀರಿ ಅದಕ್ಕೆ ಕೊಡುವುದೆಂದು 2025ರಲ್ಲಿ ಗೊತ್ತುಮಾಡಿದರು. ವರಮಾನದ ತೆರಿಗೆಯನ್ನು 20ರಿಂದ 22ಕ್ಕೂ, ಸರಕುಗಳ ಮೇಲಿನ ತೆರಿಗೆಯನ್ನು 20ರಿಂದ 22ಕ್ಕೆ, ಮತ್ತೆ 2025ರ ಜುಲೈಯಲ್ಲಿ 24ಕ್ಕೂ ಏರಿಸಿದರು. ಮೋಟಾರುಗಳ ಮೇಲೆ ಹೊಸ ತೆರಿಗೆಯೂ ಬಂದಿತು. ಹಾಗಾದರೂ 2024ರ ಕೊನೆಗೆ ಅವರ ಸಾಲ ವರ್ಷದ ಉತ್ಪತ್ತಿಯ ಕಾಲು ಭಾಗದೊಳಗೇ ಇತ್ತು. ಫ್ರಾನ್ಸ್, ಇಟಲಿಯಂಥ ದೊಡ್ಡ ದೇಶಗಳ ಸಾಲ ಒಂದು ವರ್ಷದ ಉತ್ಪತ್ತಿಯನ್ನೂ ಮೀರಿದೆ.

ಹೊಳೆಯ ದಡದಲ್ಲಿ ನಿಂತು ನೋಡಿದರೆ ಈ ಸಣ್ಣ ಜನವು ಸಾಲಕ್ಕೆ ಏಕೆ ಇಷ್ಟು ಅಂಜಿತೆಂಬುದು ಅರ್ಥವಾಗುತ್ತದೆ. ಎರಡು ಕೋಟೆಗಳ ನಡುವಣ ಸೇತುವೆಯ ಮೇಲೆ 2024ರ ಆರಂಭದಲ್ಲಿ ವಾಹನಗಳ ಸಂಚಾರ ನಿಂತುಹೋಯಿತು. ಒಮ್ಮೆ ನುಂಗಲ್ಪಟ್ಟವರಿಗೆ ಋಣವೆಂದರೆ ಕೇವಲ ಬಡ್ಡಿಯ ಲೆಕ್ಕವಲ್ಲ. ಮತ್ತೊಬ್ಬರ ಮಾತು ಕೇಳಬೇಕಾದ ಭಯ. ಆ ಭಯವೇ ಅವರಿಗೆ ಮಿತವ್ಯಯವನ್ನು ಕಲಿಸಿತು, ಮತ್ತು ಇಂದು ಸೈನ್ಯಕ್ಕೆ ಹಣ ಬೇಕಾದಾಗ ಕೈ ಬರಿದಾಗದಂತೆ ಕಾಪಾಡಿತು. ಇದನ್ನು ನಾವು ಮನಸಾರೆ ಹೊಗಳುತ್ತೇವೆ. ಆದರೆ ಕೌಟಿಲ್ಯನು ತನ್ನ ಏಳು ಅಂಗಗಳನ್ನು ಎಣಿಸುವಾಗ ಕೋಶಕ್ಕಿಂತ ಮೊದಲು ಜನಪದವನ್ನು ಹೇಳಿದ್ದಾನೆಂಬುದನ್ನೂ ಮರೆಯಲಾಗದು. 2025ರಲ್ಲಿ ನಾರ್ವದಲ್ಲಿ ಅಯಸ್ಕಾಂತಗಳನ್ನು ಮಾಡುವ ಹೊಸ ಕಾರ್ಖಾನೆಯೊಂದು ತೆರೆಯಿತು. ಅಂಥವು ಇನ್ನೂ ನಾಲ್ಕು ಬಂದು, ಆ ಬೆಂಚಿನ ಮುದುಕಿಗೆ ಬೆಂಕಿಯೂ ಔಷಧವೂ ಎರಡೂ ದೊರೆತರೆ, ಆ ಬೊಕ್ಕಸದ ಲೆಕ್ಕ ಪೂರ್ತಿ ಹೊಂದಿತೆಂದು ನಾವು ಒಪ್ಪುತ್ತೇವೆ.